ಸ್ವೀಡನ್ನಿನ ಅಡಿಗೆಮನೆಯೂ ಋತುಚಕ್ರವೂ

ಮಧ್ಯಯುಗದ ಸ್ವೀಡನ್ ದೇಶದ ಪ್ರಾಂತೀಯ ಶಾಸನಗಳಲ್ಲಿ ವಿವಾಹಕ್ಕೆ ಸಂಬಂಧಿಸಿದ ಒಂದು ವಿಧಿಯುಂಟು. ಕನ್ಯೆಯನ್ನು ವರನಿಗೆ ಒಪ್ಪಿಸುವಾಗ, ಆಕೆಗೆ ಪತ್ನಿಯ ಗೌರವವೂ, ಶಯ್ಯೆಯ ಅರ್ಧಭಾಗವೂ, ಮನೆಯ ಬೀಗಗಳೂ ಬೀಗದ ಕೈಗಳೂ, ಸ್ವತ್ತಿನಲ್ಲಿ ಮೂರನೆಯ ಒಂದು ಪಾಲೂ ಸಲ್ಲತಕ್ಕವೆಂದು ಸಾರಿ ಹೇಳಬೇಕಾಗಿದ್ದಿತು. ಗೌರವ, ಶಯ್ಯೆ, ಸ್ವತ್ತು ಇವುಗಳ ಸಾಲಿನಲ್ಲಿ ಬೀಗದ ಕೈಗೂ ಸ್ಥಾನ ದೊರೆತುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಆ ಬೀಗಗಳು ಏನನ್ನು ಕಾಯುತ್ತಿದ್ದುವೆಂಬುದನ್ನು ವಿಚಾರಿಸಿದರೆ ವೈಚಿತ್ರ್ಯವು ಅಳಿಯುವುದು. ರೈತನ ಮನೆಯಲ್ಲಿ ಅವು ಕಾಯುತ್ತಿದ್ದುದು ಉಗ್ರಾಣದ ಹಿಟ್ಟನ್ನು, ಉಪ್ಪುಮೀನನ್ನು, ಬೆಣ್ಣೆಯ ತೊಟ್ಟಿಯನ್ನು. ಮುಂದಿನ ಬೆಳೆ ಕೈಗೆ ಬರುವವರೆಗೆ ಮನೆಯ ಮಂದಿಯೆಲ್ಲ ಬದುಕಿ ಉಳಿಯುವುದೇ ಇಲ್ಲವೇ ಎಂಬುದು ಆ ಕೈಗಳನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡ ಗೃಹಿಣಿಯ ಲೆಕ್ಕಾಚಾರವನ್ನು ಅವಲಂಬಿಸಿದ್ದಿತು. ಇಂದು ಸ್ವೀಡನ್ನಿನ ಹಬ್ಬದೂಟಗಳನ್ನು ಕಾಣುವವನಿಗೆ ಅವು ಸಮೃದ್ಧಿಯ ಲಕ್ಷಣವೆಂದೇ ತೋರುವುವು. ಆದರೆ ಅವುಗಳಲ್ಲಿ ಬಹುಪಾಲು ಭಕ್ಷ್ಯಗಳು ಹುಟ್ಟಿದುದು ಅಭಾವದ ಮನೆಯಲ್ಲಿ.

ಸ್ವೀಡನ್ ಉತ್ತರ ಅಕ್ಷಾಂಶದ 55ನೆಯ ಭಾಗೆಯಿಂದ 69ನೆಯ ಭಾಗೆಯವರೆಗೆ, ಸುಮಾರು 1,570 ಕಿಲೋಮೀಟರುಗಳಷ್ಟು ಉದ್ದಕ್ಕೆ ಚಾಚಿಕೊಂಡಿರುವ ದೇಶ. ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ಗೋಧಿ ಬೆಳೆಯುವಷ್ಟು ಸೌಮ್ಯವಾದ ಹವೆಯುಂಟು. ಉತ್ತರದ ನೊರ್‌ಲಂಡಿನ ಒಳನಾಡಿನಲ್ಲಿಯಾದರೋ ವರ್ಷದ ಅರ್ಧಕ್ಕೂ ಮೇಲ್ಪಟ್ಟು ನೆಲವು ಹಿಮದ ಕೆಳಗಿರುವುದು. ಬೇಸಗೆಯಲ್ಲಿ ಸೂರ್ಯನು ಮುಳುಗದ ಊರುಗಳಲ್ಲಿಯೇ ಚಳಿಗಾಲದ ನಡುವೆ ಅವನು ಉದಯಿಸುವುದೂ ಇಲ್ಲ. ಇಂತಹ ನೆಲದಲ್ಲಿ ಕೆಲವೇ ತಿಂಗಳುಗಳ ಬೆಳಕು ಬೆಳೆಸಿದುದನ್ನು ಹನ್ನೆರಡು ತಿಂಗಳುಗಳಿಗೆ ಹಂಚಬೇಕಾಗಿದ್ದಿತು. ಒಣಗಿಸುವುದು, ಹೊಗೆಯಾಡಿಸುವುದು, ಉಪ್ಪಿನಲ್ಲಿಡುವುದು, ಹುಳಿಯೇರಿಸುವುದು - ಈ ನಾಲ್ಕೇ ಅಲ್ಲಿಯ ಪಾಕಶಾಸ್ತ್ರದ ಆಧಾರಸ್ತಂಭಗಳು. ಇವುಗಳಲ್ಲಿ ಉಪ್ಪು ಬಲು ತುಟ್ಟಿಯ ಪದಾರ್ಥ. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಲವಣಾಂಶವು ಸ್ವಲ್ಪ, ಅದನ್ನು ಇಂಗಿಸುವ ಬಿಸಿಲು ಇನ್ನೂ ಸ್ವಲ್ಪ. ಆದುದರಿಂದ ಮೊದಲು ಜರ್ಮನಿಯ ಲ್ಯೂನೆಬುರ್ಗಿನಿಂದಲೂ ಅನಂತರ ಪೋರ್ತುಗಲ್ ಮೊದಲಾದ ದೂರದ ತೀರಗಳಿಂದಲೂ ಉಪ್ಪನ್ನು ಹಡಗಿನಲ್ಲಿ ತರಿಸಬೇಕಾಯಿತು. ಉಪ್ಪು ಸಾಲದ ಕಡೆ ಮೀನನ್ನು ಅಲ್ಪವಾದ ಉಪ್ಪಿನೊಡನೆ ಗುಂಡಿಯಲ್ಲಿ ಹೂತಿಟ್ಟು ಹುಳಿಬರಿಸುತ್ತಿದ್ದರು. ಈಗ ಭೋಜನಶಾಲೆಗಳಲ್ಲಿ ಮರ್ಯಾದೆಯ ತಿನಿಸಾಗಿರುವ ‘ಗ್ರಾವ್‌ಲಾಕ್ಸ್’ ಎಂಬ ಸಾಲ್ಮನ್ ಮೀನಿನ ಹೆಸರಿಗೆ ‘ಹೂತಿಟ್ಟ ಸಾಲ್ಮನ್’ ಎಂದೇ ಅರ್ಥ.

ಅಡಿಗೆಮನೆಯ ವರ್ಷವು ನಿಜವಾಗಿ ಆರಂಭವಾಗುತ್ತಿದ್ದುದು ಶರತ್ಕಾಲದಲ್ಲಿ. ಬೇಸಗೆಯಲ್ಲಿ ಕೊಯ್ದಿಟ್ಟ ಹುಲ್ಲು ಎಷ್ಟು ದನಗಳನ್ನು ಚಳಿಗಾಲ ದಾಟಿಸಬಲ್ಲುದೆಂದು ಎಣಿಸಿ, ಮಿಕ್ಕವುಗಳನ್ನು ಹಿಮ ಬೀಳುವ ಮುನ್ನವೇ ಕಡಿಯುತ್ತಿದ್ದರು. ಹಳೆಯ ಪಂಚಾಂಗದಲ್ಲಿ ಶರತ್ತಿನ ಒಂದು ತಿಂಗಳಿಗೆ ‘ವಧೆಯ ಮಾಸ’ವೆಂಬ ಹೆಸರೇ ಇದ್ದಿತು. ಕಡಿದ ಪಶುವಿನ ಯಾವ ಅಂಗವೂ ವ್ಯರ್ಥವಾಗಲಾಗದು. ಮಾಂಸವು ಉಪ್ಪಿನ ಪೀಪಾಯಿಯನ್ನೂ ಹೊಗೆಯ ಅಟ್ಟವನ್ನೂ ಸೇರಿದರೆ, ರಕ್ತವನ್ನು ರೈ ಎಂಬ ಧಾನ್ಯದ ಹಿಟ್ಟಿನಲ್ಲಿ ಕಲಸಿ ರೊಟ್ಟಿ ಮಾಡಿ ಒಣಗಿಸುತ್ತಿದ್ದರು. ಕೊಬ್ಬು ಮೇಣದ ಬತ್ತಿಗೆ ಬದಲಾಗಿ ಉರಿಯುವ ದೀಪವಾಗುತ್ತಿದ್ದಿತು. ಫಾಲುನ್ ಪಟ್ಟಣದ ಪ್ರಸಿದ್ಧ ತಾಮ್ರದ ಗಣಿಯಲ್ಲಿ ಅದುರನ್ನು ಮೇಲೆತ್ತುವ ಮಿಣಿಗಳನ್ನು ಎತ್ತಿನ ತೊಗಲಿನಿಂದ ಹೆಣೆಯುತ್ತಿದ್ದುದರಿಂದ ಅಲ್ಲಿ ಮಾಂಸವು ರಾಶಿಯಾಗಿ ಉಳಿಯುತ್ತಿದ್ದಿತು. ಅದನ್ನು ಉಪ್ಪಿಟ್ಟು, ಹೊಗೆಯಾಡಿಸಿ, ಕರುಳಿನ ಚೀಲದಲ್ಲಿ ತುಂಬುವ ಪದ್ಧತಿಯಿಂದ ಹುಟ್ಟಿದ ‘ಫಾಲುಕೊರ್ವ್’ ಇಂದಿಗೂ ಸ್ವೀಡನ್ನಿನ ಸಾಮಾನ್ಯ ಮನೆಗಳ ನಿತ್ಯದ ಆಹಾರ.

ಇನ್ನು ರೊಟ್ಟಿಯ ವಿಚಾರ. ಜನಪದ ಸಂಶೋಧಕನಾದ ಓಕೆ ಕ್ಯಾಂಬೆಲ್ ಎಂಬವನು 1950ರಲ್ಲಿ ಸ್ವೀಡನ್ನಿನ ರೊಟ್ಟಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ದೇಶದ ಯಾವ ಭಾಗದಲ್ಲಿ ಎಂತಹ ರೊಟ್ಟಿಯೆಂಬುದನ್ನು ಸವಿಸ್ತಾರವಾಗಿ ತೋರಿಸಿದ್ದಾನೆ. ದಕ್ಷಿಣದಲ್ಲಿ ಹುಳಿಹಿಟ್ಟಿನ ಮೆತ್ತನೆಯ ದಪ್ಪ ರೊಟ್ಟಿ. ಮಧ್ಯಭಾಗದಲ್ಲಿ ರೈ ಹಿಟ್ಟಿನ ಗಟ್ಟಿಯಾದ ‘ಕ್ನೆಕ್ಕೆಬ್ರೋದ್’. ಉತ್ತರದಲ್ಲಿ ಜವೆಗೋಧಿಯ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಸುಟ್ಟ ‘ತುನ್ನ್‌ಬ್ರೋದ್’. ಗಟ್ಟಿರೊಟ್ಟಿಯ ನಾಡಿನಲ್ಲಿ ವರ್ಷಕ್ಕೆ ಎರಡೇ ಬಾರಿ ಒಲೆ ಹೊತ್ತಿಸಿ ರೊಟ್ಟಿ ಸುಡುವ ವಾಡಿಕೆಯಿದ್ದಿತು. ಇದಕ್ಕೆ ಕಾರಣ ಸೋಮಾರಿತನವಲ್ಲ, ನೀರು. ಹಿಟ್ಟಿನ ಗಿರಣಿಗಳು ಹೊಳೆಯ ರಭಸದಿಂದ ತಿರುಗುತ್ತಿದ್ದುವು. ಹಿಮ ಕರಗುವ ವಸಂತದಲ್ಲಿಯೂ ಮಳೆ ಬೀಳುವ ಶರತ್ತಿನಲ್ಲಿಯೂ ಮಾತ್ರ ಅವುಗಳಿಗೆ ಸಾಕಷ್ಟು ನೀರು ಸಿಗುತ್ತಿದ್ದಿತು. ಆ ದಿನಗಳಲ್ಲಿ ಹೆಂಗಸರು ಕೂಡಿ, ನಸುಕಿನಿಂದ ರಾತ್ರಿಯವರೆಗೆ ಅರ್ಧ ವರ್ಷದ ರೊಟ್ಟಿಯನ್ನು ಸುಡುತ್ತಿದ್ದರು. ಪ್ರತಿಯೊಂದರ ನಡುವೆ ತೂತನ್ನಿಟ್ಟು, ಉದ್ದವಾದ ಕೋಲಿಗೆ ಪೋಣಿಸಿ, ಒಲೆಯ ಮೇಲ್ಗಡೆ ಸೂರಿಗೆ ತೂಗುಹಾಕಿದರೆ ಇಲಿಗೂ ಎಟುಕದು, ಬೂಸಲೂ ಹಿಡಿಯದು. ಇಂದು ಯಂತ್ರಶಾಲೆಯಿಂದ ಬರುವ ದುಂಡನೆಯ ಕ್ನೆಕ್ಕೆಬ್ರೋದಿನ ನಡುವೆಯೂ ಆ ತೂತು ಉಳಿದಿದೆ. ಪೋಣಿಸುವ ಕೋಲು ಮಾತ್ರ ಇಲ್ಲ.

ಚಳಿಗಾಲವು ಕವಿದು ಹಗಲು ಕಿರಿದಾದಂತೆ ಹಬ್ಬಗಳ ಸಾಲು ತೊಡಗುವುದು. ಡಿಸೆಂಬರ್ 9ನೆಯ ದಿನವು ಆನ್ನಾ ಎಂಬ ಹೆಸರಿನ ದಿನ. ಒಣಗಿದ ಮೀನನ್ನು ನೀರಿನಲ್ಲಿಯೂ ಬೂದಿಯ ಕ್ಷಾರಜಲದಲ್ಲಿಯೂ ನೆನೆಯಹಾಕುವುದಕ್ಕೆ ಅಂದೇ ಆರಂಭ. ಕ್ಷಾರದಲ್ಲಿ ಉಬ್ಬಿ, ಮತ್ತೆ ತಿಳಿನೀರಿನಲ್ಲಿ ಹಲವು ದಿನ ತೊಳೆದು ಮೃದುವಾದ ಈ ‘ಲ್ಯೂಟ್‌ಫಿಸ್ಕ್’ ಕ್ರಿಸ್‌ಮಸ್ಸಿನ ವೇಳೆಗೆ ಬೇಯಿಸಲು ಸಿದ್ಧವಾಗುವುದು. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳು ಕ್ಯಾಥೊಲಿಕ್ ಕಾಲದಲ್ಲಿ ಮಾಂಸವರ್ಜಿತವಾದ ಉಪವಾಸದ ದಿನಗಳಾಗಿದ್ದುವು. 1527ರಲ್ಲಿ ವೆಸ್ಟೆರೋಸಿನಲ್ಲಿ ನೆರೆದ ಸಭೆಯು ಆ ಚರ್ಚಿನ ಪ್ರಭುತ್ವವನ್ನು ಮುರಿಯಿತು. ಕಾಲಕ್ರಮದಲ್ಲಿ ಉಪವಾಸವೂ ಅಳಿಯಿತು. ಆದರೆ ಉಪವಾಸದ ಮೀನು ಹಬ್ಬದ ಮೇಜನ್ನು ಬಿಟ್ಟು ಕದಲಲಿಲ್ಲ. ಮತಕ್ಕಿಂತಲೂ ನಾಲಗೆಯ ನೆನಪು ದೀರ್ಘವಾದುದೆಂಬುದಕ್ಕೆ ಇದೊಂದು ನಿದರ್ಶನ.

ಡಿಸೆಂಬರ್ 13ನೆಯ ದಿನ ಲೂಸಿಯಾ ಸಾಧ್ವಿಯದು. ಸ್ವೀಡನ್ 1753ರಲ್ಲಿ ಹೊಸ ಪಂಚಾಂಗವನ್ನು ಅಂಗೀಕರಿಸುವವರೆಗೆ ವರ್ಷದ ಅತಿ ದೀರ್ಘವಾದ ರಾತ್ರಿಯು ಇದೇ ಎಂದು ಜನರು ನಂಬಿದ್ದರು. ಶುಭ್ರವಸ್ತ್ರವನ್ನುಟ್ಟು ತಲೆಯ ಮೇಲೆ ದೀಪಗಳ ಕಿರೀಟವನ್ನು ಧರಿಸಿ ಬರುವ ಕನ್ಯೆಯ ಆಚಾರವು ಮೊದಲು ಪಶ್ಚಿಮ ಪ್ರಾಂತಗಳ ಶ್ರೀಮಂತರ ಮನೆಗಳಲ್ಲಿ ಕಾಣಿಸಿಕೊಂಡು, 1927ರಲ್ಲಿ ಸ್ಟಾಕ್‌ಹೋಮಿನ ಒಂದು ಪತ್ರಿಕೆಯು ಮೆರವಣಿಗೆಯನ್ನು ಏರ್ಪಡಿಸಿದ ತರುವಾಯ ದೇಶವನ್ನೆಲ್ಲ ವ್ಯಾಪಿಸಿತು. ಆ ದಿನದ ತಿನಿಸು ಕೇಸರಿ ಬೆರೆಸಿದ, ಎರಡು ತುದಿಗಳನ್ನೂ ಸುರುಳಿಸುತ್ತಿ ಒಣದ್ರಾಕ್ಷಿಯಿಟ್ಟ ಗೋಧಿಯ ಬನ್ನು. ಕಡುಗತ್ತಲೆಯ ಕಾಲದಲ್ಲಿ ಹೊಂಬಣ್ಣದ ತಿನಿಸೊಂದನ್ನು ಮನೆಯವರ ಕೈಗಿತ್ತವರು, ಕೇಸರಿಯು ಎಷ್ಟು ಬೆಲೆಯುಳ್ಳದ್ದಾದರೂ ಆ ವೆಚ್ಚಕ್ಕೆ ಹಿಂಜರಿಯಲಿಲ್ಲ.

ಕ್ರಿಸ್‌ಮಸ್ಸಿನ ಮುನ್ನಾದಿನ, ಹಂದಿಯ ತೊಡೆಯನ್ನು ಬೇಯಿಸಿದ ಕಟ್ಟಿನಲ್ಲಿ ಒಣರೊಟ್ಟಿಯನ್ನು ಅದ್ದಿ ತಿನ್ನುವ ಪದ್ಧತಿಯುಂಟು; ಆದುದರಿಂದ ಆ ದಿನಕ್ಕೆ ‘ಅದ್ದುವ ದಿನ’ವೆಂದೇ ಹೆಸರು. ಮನೆಯ ಪ್ರತಿಯೊಬ್ಬರಿಗೂ, ಆಳುಕಾಳುಗಳಿಗೂ, ಬಗೆಬಗೆಯ ರೊಟ್ಟಿಗಳನ್ನು ಒಂದರ ಮೇಲೊಂದಾಗಿ ಪೇರಿಸಿ, ತುದಿಯಲ್ಲಿ ಒಂದು ಸೇಬನ್ನಿಟ್ಟು ಕೊಡುತ್ತಿದ್ದರು. ವರ್ಷವಿಡೀ ಅಳೆದು ಬಡಿಸುತ್ತಿದ್ದ ಗೃಹಿಣಿಯು ತನ್ನ ಬೀಗದ ಕೈಗಳನ್ನು ಸಡಿಲಬಿಡುತ್ತಿದ್ದುದು ಅಂದು. ಮನೆಯನ್ನು ಕಾಯುವ ‘ತೊಮ್ತೆ’ ಎಂಬ ಕುಳ್ಳದೈವಕ್ಕೂ ಬಟ್ಟಲಲ್ಲಿ ಗಂಜಿಯೂ ಅದರ ಮೇಲೆ ಬೆಣ್ಣೆಯೂ ಸಲ್ಲುತ್ತಿದ್ದುವು. ಈ ಗಂಜಿಯು ಹಿಂದೆ ಜವೆಗೋಧಿಯದಾಗಿದ್ದು, ಪರದೇಶದ ಅಕ್ಕಿಯು ಸುಲಭವಾದ ಬಳಿಕ ಹಾಲಿನಲ್ಲಿ ಬೆಂದ ಅನ್ನವಾಗಿ ಮಾರ್ಪಟ್ಟಿತು. ಜನವರಿ 13ರ ಕ್ನೂಟನ ದಿನದಂದು ಹಬ್ಬವು ಮುಗಿಯುವುದು. ಉಗ್ರಾಣದ ನಿಜವಾದ ಪರೀಕ್ಷೆಗೆ ಆರಂಭವೂ ಅಂದೇ.

ಆ ತಿಂಗಳುಗಳಲ್ಲಿ ಒಣಬಟಾಣಿಯೇ ಆಸರೆ. ಗುರುವಾರ ಹಳದಿ ಬಟಾಣಿಯ ಸಾರು, ಅದರ ಹಿಂದೆ ದೋಸೆಯಂತಹ ಪ್ಯಾನ್‌ಕೇಕು - ಇದು ಸ್ವೀಡನ್ನಿನಲ್ಲಿ ಇಂದಿಗೂ ನಡೆದುಬಂದಿರುವ ಕ್ರಮ. ಶುಕ್ರವಾರದ ಉಪವಾಸಕ್ಕೆ ಮುನ್ನ ಹೊಟ್ಟೆತುಂಬ ಉಣ್ಣುವುದರಿಂದ ಇದು ಬಂದಿತೆಂದು ಹೇಳುವರು. ಈ ಬಡವರ ಸಾರಿಗೆ ಅರಸರ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. ಸಿಂಹಾಸನದಿಂದ ಚ್ಯುತನಾಗಿ ಸೆರೆಯಲ್ಲಿದ್ದ ಹದಿನಾಲ್ಕನೆಯ ಎರಿಕ್ ದೊರೆಯು 1577ರಲ್ಲಿ ವಿಷ ಬೆರೆಸಿದ ಬಟಾಣಿಯ ಸಾರನ್ನುಂಡು ಸತ್ತನೆಂಬ ಪ್ರತೀತಿಯಿದ್ದಿತು. 1958ರಲ್ಲಿ ಸಮಾಧಿಯನ್ನು ತೆರೆದು ಪರೀಕ್ಷಿಸಿದಾಗ ಶರೀರದ ಅವಶೇಷಗಳಲ್ಲಿ ಪಾಷಾಣದ ಅಂಶವು ಹೆಚ್ಚಾಗಿ ಕಂಡುಬಂದಿತು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಹೊಸ್ತಿಲಲ್ಲಿ ತಿನ್ನುತ್ತಿದ್ದುದು ‘ಸೆಮ್ಲಾ’ ಎಂಬ ಬಿಳಿಯ ಗೋಧಿಯ ಬನ್ನು. ಹೆಸರು ನಯವಾದ ಹಿಟ್ಟೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಈಗ ಅದರೊಳಗೆ ಅರೆದ ಬಾದಾಮಿಯನ್ನೂ ಕಡೆದ ಕೆನೆಯನ್ನೂ ತುಂಬುವರು. ಹಿಂದೆ ಬಿಸಿಹಾಲಿನ ಬಟ್ಟಲಿನಲ್ಲಿ ಮುಳುಗಿಸಿ ತಿನ್ನುತ್ತಿದ್ದರು. 1771ರ ಫೆಬ್ರವರಿ 12ರಂದು ಅಡಾಲ್ಫ್ ಫ್ರೆಡ್ರಿಕ್ ದೊರೆಯು ಮೀನು ಮಾಂಸಗಳ ಭಾರಿ ಭೋಜನದ ಕೊನೆಯಲ್ಲಿ ಈ ಹಾಲುಬನ್ನುಗಳನ್ನು ತಿಂದು, ಅದೇ ಸಂಜೆ ಕಾಲವಶನಾದನು. ಸ್ವೀಡನ್ನಿನ ಮಕ್ಕಳೆಲ್ಲರೂ ಬಲ್ಲ ಈ ಕಥೆಯನ್ನು ನಗುತ್ತಲೇ ಹೇಳುವುದುಂಟು. ಆದರೆ ಅದರ ಮುಂದಿನ ಪುಟವನ್ನು ನಗುತ್ತ ಓದುವಂತಿಲ್ಲ. ಅದೇ ವರ್ಷವೂ ಅದರ ಮರುವರ್ಷವೂ ಬೆಳೆಗಳು ಕೆಟ್ಟುವು. ಸ್ವೀಡನ್ 1749ರಿಂದಲೇ ದೇಶದ ಜನನಮರಣಗಳನ್ನು ಕ್ರಮವಾಗಿ ಲೆಕ್ಕವಿಡುತ್ತ ಬಂದ ದೇಶವಾದುದರಿಂದ ಇದರ ಫಲವನ್ನು ಅಂಕಿಗಳಲ್ಲಿಯೇ ಕಾಣಬಹುದು. ಹಸಿವೂ ಅದರ ಬೆನ್ನಿಗೆ ಬಂದ ರೋಗಗಳೂ ಸೇರಿ, 1773ರಲ್ಲಿ ಸಾವಿರಕ್ಕೆ 52 ಮಂದಿಯಂತೆ ಜನರನ್ನು ಕೊಂಡೊಯ್ದುವು. ದೊರೆಯು ಉಂಡು ಸತ್ತ ಎರಡು ವರ್ಷಗಳಲ್ಲಿಯೇ ಪ್ರಜೆಗಳು ಉಣ್ಣದೆ ಸತ್ತರು.

ವಸಂತವೆಂದರೆ ಕವಿಗಳಿಗೆ ಹರ್ಷದ ಕಾಲ. ಹಳೆಯ ಉಗ್ರಾಣಕ್ಕೆ ಅದು ಅತ್ಯಂತ ಕಠಿನವಾದ ಕಾಲ. ಹೋದ ವರ್ಷದ ಹಿಟ್ಟು ಮುಗಿಯುವುದರೊಳಗಾಗಿ ಈ ವರ್ಷದ ಪೈರು ಇನ್ನೂ ಮೊಳೆತಿರದು. ಆಗ ಪೈನ್ ಮರದ ಹೊರಸಿಪ್ಪೆಯನ್ನು ತೆಗೆದು, ಒಳಗಿನ ಎಳೆಯ ತೊಗಟೆಯನ್ನು ಸುಲಿದು, ಒಣಗಿಸಿ, ಬೀಸಿ, ಉಳಿದಿದ್ದ ಅಷ್ಟಿಷ್ಟು ಹಿಟ್ಟಿನೊಡನೆ ಬೆರೆಸಿ ರೊಟ್ಟಿ ಮಾಡುತ್ತಿದ್ದರು. ತೊಗಟೆಯ ಪಾಲು ಹೆಚ್ಚಿದಷ್ಟೂ ರೊಟ್ಟಿಯು ಕಹಿಯಾಗುವುದು, ಹೊಟ್ಟೆಯು ನೋಯುವುದು. ಎಷ್ಟು ಹಿಟ್ಟಿಗೆ ಎಷ್ಟು ತೊಗಟೆಯೆಂಬುದೇ ಆ ದಿನಗಳ ಪಾಕಜ್ಞಾನದ ಸಾರ. ಇಂತಹ ರೊಟ್ಟಿಯನ್ನು ತಿನ್ನಬೇಕಾಗಿ ಬಂದ ಕಾಲವು ಬಹಳ ಹಿಂದಿನದೇನೂ ಅಲ್ಲ. 1867ರಲ್ಲಿ ವಸಂತವು ಬರುವುದೇ ತಡವಾಗಿ ಉತ್ತರದ ಬೆಳೆಗಳು ನಾಶವಾದುವು. 1868ರಲ್ಲಿ ದಕ್ಷಿಣವು ಅನಾವೃಷ್ಟಿಯಿಂದ ಬೆಂದಿತು. ತೊಗಟೆಯೊಡನೆ ಕಲ್ಲುಹೂವನ್ನೂ ಹಿಟ್ಟುಮಾಡಿ ತಿಂದರು. ಆ ವರ್ಷಗಳ ಹಸಿವು ಸಹಸ್ರಾರು ಕುಟುಂಬಗಳನ್ನು ಅಮೆರಿಕೆಯ ಹಡಗನ್ನು ಹತ್ತಿಸಿತು. 19ನೆಯ ಶತಮಾನದ ಮಧ್ಯದಿಂದ 1930ರವರೆಗೆ ಹೀಗೆ ದೇಶವನ್ನು ಬಿಟ್ಟವರ ಸಂಖ್ಯೆ ಸುಮಾರು 13 ಲಕ್ಷ.

ಇಷ್ಟು ಕಷ್ಟವಿದ್ದುದರಿಂದಲೇ ವಸಂತದ ಸಣ್ಣ ಲಾಭಗಳೂ ಹಬ್ಬಗಳಾದುವು. ಬೆಳಕು ಹೆಚ್ಚಿದೊಡನೆ ಕೋಳಿಗಳು ಮತ್ತೆ ಮೊಟ್ಟೆಯಿಡತೊಡಗುವುವು. ಆದುದರಿಂದ ಈಸ್ಟರು ಮೊಟ್ಟೆಯ ಹಬ್ಬ. ಕರುಹಾಕಿದ ಹಸುವಿನ ಮೊದಲ ಹಾಲನ್ನು ಬಿಸಿಯಲ್ಲಿ ಗಟ್ಟಿಯಾಗಿಸಿ ಮಾಡುವ ಗಿಣ್ಣಿಗೆ ‘ಕರುವಿನ ಕುಣಿತ’ವೆಂದು ಮುದ್ದಾದ ಹೆಸರುಂಟು. ತುರಿಕೆಗಿಡದ ಎಳೆಯ ಚಿಗುರಿನ ಸಾರು ವರ್ಷದ ಮೊದಲ ಸೊಪ್ಪಿನ ಅಡಿಗೆ. ಮಾರ್ಚ್ 25ನೆಯ ದಿನವು ಮೇರಿಮಾತೆಯದು. ‘ನಮ್ಮ ದೇವಿಯ ದಿನ’ ಎಂಬರ್ಥದ ‘ವೋರ್‌ಫ್ರುದಾಗ್’ ಎಂಬ ಹೆಸರು ಜನರ ಬಾಯಲ್ಲಿ ಸವೆದು ‘ವೊಫೆಲ್‌ದಾಗ್’, ಎಂದರೆ ‘ವೇಫಲ್ ದಿನ’ ಎಂಬಂತಾಯಿತು. ಹಾಲೂ ಮೊಟ್ಟೆಯೂ ದೊರೆಯತೊಡಗುವ ಕಾಲವೂ ಅದೇ ಆದುದರಿಂದ, ಕಬ್ಬಿಣದ ಅಚ್ಚಿನಲ್ಲಿ ಸುಟ್ಟ ಆ ತಿನಿಸು ಹೆಸರಿನ ತಪ್ಪನ್ನು ನಿಜಮಾಡಿತು.

ಹಸಿವಿನ ಈ ಚಕ್ರವನ್ನು ಮುರಿಯುವುದರಲ್ಲಿ ಆಲೂಗಡ್ಡೆಯ ಪಾತ್ರವು ದೊಡ್ಡದು. ಯೂನಸ್ ಆಲ್ಸ್ಟ್ರೋಮರ್ ಎಂಬ ಉದ್ಯಮಿಯು 1720ರ ದಶಕದಲ್ಲಿ ಆಲಿಂಗ್ಸೋಸಿನ ತನ್ನ ಭೂಮಿಯಲ್ಲಿ ಅದನ್ನು ಬೆಳೆಸಿದನು. ಜನರು ಬಹುಕಾಲ ಅದನ್ನು ನಂಬಲಿಲ್ಲ. ಕೌಂಟೆಸ್ ಏವಾ ಏಕೆಬ್ಲಾದ್ ಎಂಬಾಕೆಯು ಆಲೂಗಡ್ಡೆಯಿಂದ ಹಿಟ್ಟನ್ನೂ ಮದ್ಯಸಾರವನ್ನೂ ತೆಗೆಯುವ ಕ್ರಮವನ್ನು ಪ್ರಯೋಗದಿಂದ ತೋರಿಸಿಕೊಟ್ಟಳು. ಮದ್ಯಕ್ಕಾಗಿ ವ್ಯಯವಾಗುತ್ತಿದ್ದ ಧಾನ್ಯವು ರೊಟ್ಟಿಗೆ ಉಳಿಯಬಹುದೆಂಬುದು ಇದರ ಪ್ರಯೋಜನ. 1748ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಆಕೆಯು ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ಚುನಾಯಿತಳಾದ ಪ್ರಥಮ ಮಹಿಳೆಯಾದಳು. ಮದ್ಯವು ಸುಲಭವಾದುದರಿಂದ ಕುಡಿತವು ಬೆಳೆದುದೂ, ಮನೆಮನೆಯ ಭಟ್ಟಿಗಳನ್ನು 19ನೆಯ ಶತಮಾನದ ಮಧ್ಯದಲ್ಲಿ ಸರ್ಕಾರವು ನಿಷೇಧಿಸಬೇಕಾಗಿ ಬಂದುದೂ ಈ ಕಥೆಯ ಇನ್ನೊಂದು ಮುಖ. ಆದರೂ ಕವಿಯೂ ಬಿಷಪ್ಪನೂ ಆಗಿದ್ದ ಎಸಾಯಾಸ್ ಟೆಗ್ನೇರ್, ದೇಶದ ಜನಸಂಖ್ಯೆಯು ವೃದ್ಧಿಯಾದುದಕ್ಕೆ ಶಾಂತಿಯನ್ನೂ ಸಿಡುಬಿನ ಲಸಿಕೆಯನ್ನೂ ಹೆಸರಿಸಿ, ಅವುಗಳ ಪಕ್ಕದಲ್ಲಿಯೇ ಆಲೂಗಡ್ಡೆಯನ್ನು ಕೂರಿಸಿದನು. ಜೂನ್ ತಿಂಗಳಿನ ನಡುಬೇಸಗೆಯ ಹಬ್ಬದಲ್ಲಿ ಇಂದು ಹೊಸ ಆಲೂಗಡ್ಡೆಯನ್ನು ಸಬ್ಬಸಿಗೆಯೊಡನೆ ಬೇಯಿಸಿ, ಉಪ್ಪಿನಲ್ಲಿ ಹದಗೊಳಿಸಿದ ಹೆರಿಂಗ್ ಮೀನಿನೊಡನೆಯೂ ಹುಳಿಕೆನೆಯೊಡನೆಯೂ ಉಣ್ಣುವರು; ಕೊನೆಗೆ ಸ್ಟ್ರಾಬೆರಿ ಹಣ್ಣು.

ಬೇಸಗೆಯು ಹಬ್ಬದ ಕಾಲವಾದಂತೆ ದುಡಿಮೆಯ ಕಾಲವೂ ಅಹುದು. ದಾಲಾರ್ನ, ಯೆಮ್ಟ್‌ಲಂಡ್ ಮೊದಲಾದ ಪ್ರಾಂತಗಳಲ್ಲಿ ಹೆಂಗಸರು ದನಗಳನ್ನೂ ಆಡುಗಳನ್ನೂ ಅಟ್ಟಿಕೊಂಡು, ಊರಿನಿಂದ ದೂರದ ಕಾಡಿನಲ್ಲಿರುವ ‘ಫೆಬೂದ್’ ಎಂಬ ಹಟ್ಟಿಗಳಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. ಎತ್ತರದ ಸ್ವರದ ‘ಕೂಲ್ನಿಂಗ್’ ಹಾಡಿನಿಂದ ದನಗಳನ್ನು ಕರೆಯುವುದು, ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಚೀಸು ಕಟ್ಟುವುದು, ಉಳಿದ ತಿಳಿನೀರನ್ನೂ ಚೆಲ್ಲದೆ ಕಾಯಿಸಿ ಕಂದುಬಣ್ಣದ ಸಿಹಿಗಿಣ್ಣಾಗಿ ಇಂಗಿಸುವುದು - ಇವೆಲ್ಲ ಅವರ ನಿತ್ಯಕರ್ಮ. ಮಳೆಗಾಲದ ಹಳ್ಳದಂತೆ ಬೇಸಗೆಯಲ್ಲಿ ಹರಿಯುವ ಹಾಲು ಚಳಿಗಾಲಕ್ಕೆ ಒಯ್ಯಬಹುದಾದ ವಸ್ತುವಾಗುತ್ತಿದ್ದುದು ಹೀಗೆ. ಕೆಲವೇ ಕುಟುಂಬಗಳು ಉಳಿಸಿಕೊಂಡು ಬಂದಿರುವ ಈ ವೃತ್ತಿಯನ್ನು ಯುನೆಸ್ಕೋ ಸಂಸ್ಥೆಯು 2024ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೇಸಗೆಯ ಕೊನೆಯಲ್ಲಿ ಕಾಡೇ ಅಡಿಗೆಮನೆಯ ಹಿತ್ತಲಾಗುವುದು. ಪರರ ಭೂಮಿಯಲ್ಲಿಯೂ ಕಾಡುಹಣ್ಣು ಅಣಬೆಗಳನ್ನು ಆಯುವ ಸ್ವಾತಂತ್ರ್ಯವು ಸ್ವೀಡನ್ನಿನಲ್ಲಿ ಎಲ್ಲರಿಗೂ ಉಂಟು. 1994ರಿಂದ ಅದಕ್ಕೆ ರಾಜ್ಯಾಂಗದಲ್ಲಿಯೂ ಉಲ್ಲೇಖ ದೊರೆತಿದೆ. ಕೆಂಪನೆಯ ಲಿಂಗೊನ್ ಹಣ್ಣಿನಲ್ಲಿ ಸಹಜವಾಗಿಯೇ ಬೆಂಜೋಯಿಕ್ ಆಮ್ಲವಿರುವುದರಿಂದ ಅದು ಸಕ್ಕರೆಯಿಲ್ಲದೆ ಬರಿಯ ನೀರಿನಲ್ಲಿಯೇ ಚಳಿಗಾಲವೆಲ್ಲ ಕೆಡದಿರುವುದು. ಸಕ್ಕರೆಯನ್ನು ಕಾಣದ ಬಡವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಣಬೆಯನ್ನಾದರೋ ಹಳ್ಳಿಯ ಜನರು ಬಹುಕಾಲ ಮುಟ್ಟುತ್ತಿರಲಿಲ್ಲ. ಫ್ರಾನ್ಸಿನಿಂದ ಬಂದು 1818ರಿಂದ 1844ರವರೆಗೆ ಆಳಿದ ಕಾರ್ಲ್ ಯೂಹಾನ್ ದೊರೆಯು ಒಂದು ಬಗೆಯ ಅಣಬೆಯನ್ನು ಮೆಚ್ಚಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಆಗಸ್ಟ್ ತಿಂಗಳ ಮೂರನೆಯ ಗುರುವಾರ, ಉತ್ತರದ ಕರಾವಳಿಯಲ್ಲಿ ‘ಸೂರ್‌ಸ್ಟ್ರೊಮ್ಮಿಂಗ್’ ಎಂಬ ಹುಳಿಮೀನಿನ ಹಬ್ಬ. ವಸಂತದಲ್ಲಿ ಹಿಡಿದ ಹೆರಿಂಗನ್ನು ಕೊಳೆಯದಿರಲು ಬೇಕಾಗುವಷ್ಟೇ ಉಪ್ಪಿನಲ್ಲಿ ಹುದುಗಿಸಿದ ಈ ತಿನಿಸಿನ ವಾಸನೆಯು ಲೋಕಪ್ರಸಿದ್ಧ. ಅದರ ಹಿಂದಿರುವ ಉಪ್ಪಿನ ಬಡತನವು ಅಷ್ಟು ಪ್ರಸಿದ್ಧವಲ್ಲ.

19ನೆಯ ಶತಮಾನದಲ್ಲಿ ಅಡಿಗೆಮನೆಯ ಸ್ವರೂಪವೇ ಬದಲಾಯಿತು. ಕಾಯ್ಸಾ ವಾರ್ಗ್ ಎಂಬಾಕೆಯು 1755ರಲ್ಲಿ ತರುಣಿಯರಿಗಾಗಿ ಪ್ರಕಟಿಸಿದ ಗೃಹಕೃತ್ಯದ ಗ್ರಂಥವು ಹದಿನಾಲ್ಕು ಮುದ್ರಣಗಳನ್ನು ಕಂಡಿದ್ದರೂ, ಅದರ ಪಾಕಗಳು ಉಳ್ಳವರ ಮನೆಗೆ ಮಾತ್ರ ಸಂದುವು. ಕಬ್ಬಿಣದ ಒಲೆಯೂ, ಬೀಟ್ ಗಡ್ಡೆಯಿಂದ ತೆಗೆದ ಅಗ್ಗದ ಸಕ್ಕರೆಯೂ, ಗೋಧಿಯ ಹಿಟ್ಟೂ ಬಂದ ಮೇಲೆ, ವರ್ಷಕ್ಕೆರಡು ಬಾರಿ ರೊಟ್ಟಿ ಸುಡುತ್ತಿದ್ದ ಮನೆಯಲ್ಲಿಯೇ ವಾರವಾರವೂ ಸಿಹಿತಿನಿಸು ಬೇಯತೊಡಗಿತು. 1756ರಿಂದ 1823ರ ನಡುವೆ ಸರ್ಕಾರವು ಹಲವು ಬಾರಿ ನಿಷೇಧಿಸಿಯೂ ಸೋತಿದ್ದ ಕಾಫಿಯು ಮನೆಯ ಗೌರವದ ಪಾನವಾಯಿತು. ಅತಿಥಿಗಳಿಗೆ ಕಾಫಿಯೊಡನೆ ಏಳು ಬಗೆಯ ಬಿಸ್ಕತ್ತುಗಳನ್ನಿಡಬೇಕೆಂಬ ಸಂಪ್ರದಾಯವು ನೆಲೆಗೊಂಡಿತು. 1945ರಲ್ಲಿ ಅದೇ ಹೆಸರಿನಿಂದ ಹೊರಬಂದ ಪಾಕಗ್ರಂಥವು ಅನೇಕ ಸಾರಿ ಅಚ್ಚಾಗಿದೆ. ಕಾಫಿಯ ಜೊತೆಗಾರನಾದ ಗೋಧಿಯ ಬನ್ನಿಗೆ ಪರಿಮಳವನ್ನೀಯುವುದು ಏಲಕ್ಕಿ. ಕೊಡಗು ಮಲೆನಾಡುಗಳನ್ನೊಳಗೊಂಡ ಸಹ್ಯಾದ್ರಿಯ ತೇವದ ಕಾಡುಗಳೇ ತವರಾದ ಈ ಸಂಬಾರವು, ಹಿಮದ ನಾಡಿನ ಹೆಂಗಸರ ಕೈಯಲ್ಲಿ ಅವರದೇ ಎಂಬಷ್ಟು ಒಗ್ಗಿಹೋಗಿದೆ. ಈಗ ಗ್ವಾಟೆಮಾಲ ದೇಶದಲ್ಲಿಯೂ ಅದನ್ನು ಹೇರಳವಾಗಿ ಬೆಳೆಯುವರು.

ಹಸಿವು ಅಷ್ಟರಿಂದಲೇ ತೊಲಗಿತೆಂದು ತಿಳಿಯಲಾಗದು. ಮೊದಲನೆಯ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿದ್ದರೂ ಹಡಗುಗಳ ಸಂಚಾರವು ನಿಂತು, 1917ರ ಜನವರಿಯಲ್ಲಿ ರೊಟ್ಟಿಗೆ ಪಡಿತರವನ್ನು ವಿಧಿಸಬೇಕಾಯಿತು. ಆ ವಸಂತದಲ್ಲಿ ವೆಸ್ಟರ್ವಿಕ್ ಪಟ್ಟಣದ ಕಾರ್ಮಿಕರಿಂದ ಮೊದಲಾಗಿ ಊರೂರುಗಳಲ್ಲಿ ಜನರು ಬೀದಿಗಿಳಿದರು. ರೊಟ್ಟಿಯನ್ನೂ ಹಾಲನ್ನೂ ಕೇಳಿ ಮುಂದೆ ನಿಂತವರಲ್ಲಿ ಅನೇಕರು ಗೃಹಿಣಿಯರು. ಬೀಗದ ಕೈಯಿದ್ದೂ ಉಗ್ರಾಣವು ಬರಿದಾದಾಗ, ಮನೆಯ ಲೆಕ್ಕವನ್ನು ದೊರೆತನದ ಬಾಗಿಲಲ್ಲಿ ಒಪ್ಪಿಸುವುದು ಅವರಿಗೆ ಸಹಜವಾಗಿಯೇ ತೋರಿರಬೇಕು.

ಎರಡನೆಯ ಮಹಾಯುದ್ಧದ ತರುವಾಯ ಶೀತಪೆಟ್ಟಿಗೆಯು ಮನೆಮನೆಗೂ ಬಂದಿತು. ಮೀನನ್ನು ಕ್ಷಾರದಲ್ಲಿ ನೆನೆಸುವ, ರೊಟ್ಟಿಯನ್ನು ಸೂರಿಗೆ ಕಟ್ಟುವ, ಹಾಲನ್ನು ಕಾಡಿನಲ್ಲಿಯೇ ಚೀಸಾಗಿಸುವ ಅಗತ್ಯವು ಈಗ ಯಾರಿಗೂ ಇಲ್ಲ. ಆದರೂ ಗುರುವಾರದ ಬಟಾಣಿ ತಪ್ಪಿಲ್ಲ. ಲೂಸಿಯಾಳ ಬೆಳಗಿನ ಕೇಸರಿ ತಪ್ಪಿಲ್ಲ. ಒಣಗಿದ ರೊಟ್ಟಿಯನ್ನು ಕಟ್ಟಿನಲ್ಲಿ ಅದ್ದುವುದು ತಪ್ಪಿಲ್ಲ. ಅಗತ್ಯವು ಹೋದರೂ ರುಚಿಯು ನಿಂತಿದೆ. ತೊಗಟೆಯ ರೊಟ್ಟಿಯೊಂದನ್ನು ಮಾತ್ರ ಯಾವ ಹಬ್ಬವೂ ತನ್ನ ಮೇಜಿಗೆ ಕರೆದುಕೊಳ್ಳಲಿಲ್ಲ. ಉಳಿದೆಲ್ಲ ಅಭಾವಗಳನ್ನೂ ಭಕ್ಷ್ಯವನ್ನಾಗಿ ಮಾಡಿಕೊಂಡ ಆ ಗೃಹಿಣಿಯರು, ಅದೊಂದನ್ನು ಮಕ್ಕಳ ನಾಲಗೆಗೆ ಕಲಿಸಲು ಒಪ್ಪಲಿಲ್ಲವೆಂದು ತೋರುವುದು.